ಕಳ್ಳನಿಗೆಂದು ಇಟ್ಟ ಫೋನು

ದಿಮಾಸ್‌ನ ಜೇಬಿನಲ್ಲಿ ಕಳ್ಳನ ಫೋನಿತ್ತು. ಕದ್ದದ್ದಲ್ಲ, ಕಳ್ಳ ಕದಿಯಲಿ ಎಂದೇ ಇಟ್ಟುಕೊಂಡದ್ದು. ರೆಸಿಫೆ ನಗರದಲ್ಲಿ ರಾತ್ರಿ ತಿರುಗಾಡುವವರೆಲ್ಲ ಇಟ್ಟುಕೊಳ್ಳುವಂಥದ್ದೇ: ಗಾಜು ಬಿರಿದ, ಹೊಟ್ಟೆ ಉಬ್ಬಿದ, ಆದರೂ ಇನ್ನೂ ಉಸಿರಾಡುವ ಹಳೇ ಫೋನು. ಯಾರಾದರೂ ಅಡ್ಡಗಟ್ಟಿದರೆ ಅದನ್ನು ಕೊಟ್ಟು, ಜೀವ ಹಿಡಿದುಕೊಂಡು ಮನೆಗೆ ಬರಬೇಕು. ಒಳ್ಳೆಯ ಫೋನು ಎಡಗಾಲಿನ ಕಾಲುಚೀಲದೊಳಗೆ ಹಿಮ್ಮಡಿಗೆ ಅಂಟಿಕೊಂಡು ಬೆವರುತ್ತಿತ್ತು.

ಇದನ್ನೆಲ್ಲ ಕಲಿಸಿದವಳು ಮರ್ಲೂಸಿ. ಹಗಲಿನಲ್ಲಿ ಅವಳು ಅವನ ದೊಡ್ಡಮ್ಮನ ಮಗ ಅದೆನಿಲ್ಸನ್. ರಾತ್ರಿಯಾದರೆ ಎರಡು ಕಿಲೋ ಗರಿ ಹೊತ್ತ, ಹೆಣ್ಣುವೇಷದ ವೇದಿಕೆಯ ರಾಣಿ. ಗಂಡಸರು ಗಂಡಸರನ್ನು ತಬ್ಬಿ ಕುಣಿಯುವ ಆ ಕ್ಲಬ್ಬಿನಲ್ಲಿ ನಡುರಾತ್ರಿ ಸಂಗೀತ ನಿಲ್ಲಿಸಿ ಪಾಠ ಮಾಡುವ ಹಕ್ಕು ಅವಳೊಬ್ಬಳಿಗೇ ಇತ್ತು.

"ಬೇರೆ ಊರಿಂದ ಬಂದಿರೋ ಮುದ್ದುಗಳೇ, ಇಲ್ಲಿ ಕೇಳ್ರಿ! ಗ್ಲಾಸು ಕೆಳಗಿಟ್ಟು ಕುಣಿಯೋಕೆ ಹೋದವರು ಯಾರು? ಯಾರೇನು ಬೆರೆಸಿರ್ತಾರೋ, ಚೆಲ್ಲಿ ಅದನ್ನ, ಹೊಸದು ತಗೊಳ್ಳಿ. ಇಳ್ಕೊಂಡಿರೋ ಜಾಗ ಯಾರಿಗೂ ಹೇಳ್ಬೇಡಿ, ಎಷ್ಟು ಚೆನ್ನಾಗಿದ್ರೂ! ಚೆನ್ನಾಗಿದ್ರಂತೂ ಹೇಳ್ಲೇಬೇಡಿ! ಈಗ ಎಲ್ರೂ ಕಳ್ಳನ ಫೋನು ಮೇಲೆತ್ತಿ!"

ಇನ್ನೂರು ಫೋನುಗಳು ಕತ್ತಲಲ್ಲಿ ಮೇಲೆದ್ದವು. ಒಂದೊಂದೂ ಒಂದೊಂದು ಬಗೆಯ ಮುರುಕಲು. ಜನ ಶಿಳ್ಳೆ ಹೊಡೆದರು. ಸೆರ್ತಾವೊ ಒಳನಾಡಿನ ಒಣ ಊರಿನಿಂದ ಮೊದಲ ಸಲ ಇಲ್ಲಿಗೆ ಬಂದಿದ್ದ ದಿಮಾಸ್‌ಗೆ ಮೈ ಜುಮ್ಮೆಂದಿತು. ಇಷ್ಟು ಜನ ನನ್ನಂಥವರು ಇದ್ದಾರೆಯೇ?

"ನಿಂದು ನೋಡಿದ್ರೆ ಕಳ್ಳನಿಗೇ ಪಾಪ ಅನ್ಸುತ್ತೆ," ಎಂದಿತು ಪಕ್ಕದ ದನಿ.

ತಿರುಗಿದ. ಒಬ್ಬ ಹುಡುಗ: ಕಣ್ಣಿಗೆ ಕನ್ನಡಕ, ಹಲ್ಲಿನ ಸಾಲಿನಲ್ಲೊಂದು ಸಣ್ಣ ಸಂದಿ, ತೋಳಿನಲ್ಲಿ ಸುಟ್ಟ ಗಾಯದ ಗುರುತು. ಕೈಯಲ್ಲಿ ಗುಂಡಿ ಒತ್ತುವ ಓಬೀರಾಯನ ಕಾಲದ ಫೋನು.

"ನಿಂದಾ? ಅದನ್ನ ಕದ್ರೆ ಕಳ್ಳನೇ ಪೊಲೀಸಿಗೆ ದೂರು ಕೊಡ್ತಾನೆ."

ಅವನ ಹೆಸರು ಇವೊ. ದೂರದ ಸಾವ್ ಲೂಯಿಸ್ ಊರಿನವನು, ದೋಣಿಗಳ ಇಂಜಿನ್ ರಿಪೇರಿ ಮಾಡುವವನು. ಕೆಲಸದ ಮೇಲೆ ಬಂದಿದ್ದ, ಬೆಳಿಗ್ಗೆ ಆರಕ್ಕೆ ಅವನ ಬಸ್ಸು. ಆಮೇಲಿನ ಎರಡು ಗಂಟೆ ಎಲ್ಲಿ ಹೋಯಿತೋ ದಿಮಾಸ್‌ಗೆ ತಿಳಿಯಲಿಲ್ಲ. ಕುಣಿದರು, ಕಿವಿಯಲ್ಲಿ ಕಿರುಚಿ ಮಾತಾಡಿದರು, ಅರ್ಧ ಕೇಳಿಸದಿದ್ದರೂ ಪೂರ್ತಿ ನಕ್ಕರು.

ಎರಡು ಗಂಟೆಗೆ ಇವೊ ಹೊರಟು ನಿಂತ. ಬ್ಯಾಗು ಕಟ್ಟಬೇಕಿತ್ತು.

"ನಾಲ್ಕೂವರೆಗೆ ಫೋನ್ ಮಾಡು. ಬಸ್ಸಿಗೆ ಮುಂಚೆ ಕಾಫಿ ಕುಡಿಯೋಣ."

"ಎಲ್ಲಿ ಇಳ್ಕೊಂಡಿದೀಯ?"

"ಹೇಳ್ಬಾರದಂತಲ್ಲ, ಚೆನ್ನಾಗಿರೋರಿಗೆ," ಎಂದು ಇವೊ ಕಣ್ಣು ಹೊಡೆದ.

ಆ ನೂಕುನುಗ್ಗಲಿನಲ್ಲಿ ಬೂಟು ಬಿಚ್ಚುವುದುಂಟೆ? ದಿಮಾಸ್ ಜೇಬಿನ ಫೋನನ್ನೇ ಕೊಟ್ಟ. ಇವೊ ತಾನೇ ನಂಬರು ಒತ್ತಿ, ಹೆಸರು ಬರೆದು, ವಾಪಸ್ ಜೇಬಿಗೆ ಇಳಿಸಿ, ಜೇಬನ್ನೊಮ್ಮೆ ತಟ್ಟಿ ಹೋದ.

ಮೂರರ ಹೊತ್ತಿಗೆ ದಿಮಾಸ್‌ಗೆ ಒಳಗಿನ ಸೆಕೆ ತಡೆಯಲಾಗಲಿಲ್ಲ. ಬಾಗಿಲಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಒಬ್ಬ ಕಡ್ಡಿಗೆ ಮಾಂಸ ಚುಚ್ಚಿ ಕೆಂಡದ ಮೇಲೆ ಸುಡುತ್ತಿದ್ದ. ಮೂವತ್ತೇ ಹೆಜ್ಜೆಯಲ್ಲವೇ ಎಂದು ಹೋದ. ಇಪ್ಪತ್ತನೆಯದಕ್ಕೆ ಬೈಕೊಂದು ಪಕ್ಕ ಬಂದು ನಿಂತಿತು. ಹಿಂದೆ ಕೂತವನ ಕೈ ಅಂಗಿಯೊಳಗಿತ್ತು.

"ಫೋನ್ ಕೊಡೋ. ಬೇಗ."

ದಿಮಾಸ್ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಂತೆಯೇ ಮಾಡಿದ. ಎರಡು ಬೆರಳಲ್ಲಿ ನಿಧಾನವಾಗಿ ತೆಗೆದು, ಕಣ್ಣು ಕೆಳಗಿಟ್ಟು ಕೊಟ್ಟ. ಬೈಕು ಹೊರಟಿತು. ಎಷ್ಟು ಸಲೀಸಾಗಿ ಆಯಿತಲ್ಲ ಎಂದು ತನ್ನ ಮೇಲೆಯೇ ಹೆಮ್ಮೆಪಟ್ಟುಕೊಳ್ಳುವಷ್ಟರಲ್ಲಿ ನೆನಪಾಯಿತು.

ಇವೊನ ನಂಬರು.

"ಅಣ್ಣಾ! ನಿಲ್ಲಿ! ಅಣ್ಣಾ!"

ಕಳ್ಳರ ಹಿಂದೆ ಓಡುವವರನ್ನು ಆ ಬೀದಿ ಕಂಡಿತ್ತು. ಒಂಟಿ ಕಾಲಲ್ಲಿ ಕುಂಟುತ್ತ ಬೂಟು ಕಿತ್ತು ಎಸೆದು, ಕಾಲುಚೀಲದಿಂದ ಹೊಚ್ಚ ಹೊಸ ಫೋನು ತೆಗೆದು ಬೀಸುತ್ತ ಓಡುವವನನ್ನು ಕಂಡಿರಲಿಲ್ಲ. ಮಾಂಸ ಸುಡುವವನು "ತಲೆ ಕೆಟ್ಟಿದೆಯೇನೋ ನಿಂಗೆ!" ಎಂದು ಕೂಗಿದ. ಬರೀ ಆಶ್ಚರ್ಯಕ್ಕೇ ಬೈಕು ನಿಂತಿತು.

"ಅದು ವಾಪಸ್ ಕೊಡಿ, ಇದು ತಗೊಳ್ಳಿ," ದಿಮಾಸ್ ಏದುಸಿರು ಬಿಟ್ಟ. "ಇದು ಹೊಸದು. ಎರಡು ತಿಂಗಳೂ ಆಗಿಲ್ಲ."

"ಲೋ, ಇದು ಪೊಲೀಸರ ಬಲೆ. ಹೋಗೋಣ ನಡಿ," ಎಂದ ಮುಂದಿನವನು.

"ತಡಿ," ಎಂದ ಹಿಂದಿನವನು. ಅವನ ಕೈ ಇನ್ನೂ ಅಂಗಿಯೊಳಗೇ ಇತ್ತು. "ಏನೋ ಇದೆ ಈ ಡಬ್ಬಾದಲ್ಲಿ?"

ಅಮ್ಮನ ಫೋಟೋ ಎನ್ನಬಹುದಿತ್ತು. ಇಪ್ಪತ್ತಾರು ವರ್ಷ ಊರಿನಲ್ಲಿ ಇಂಥ ಪ್ರಶ್ನೆಗಳಿಗೆ ಸುಳ್ಳು ಪೋಣಿಸಿ ಪೋಣಿಸಿ ಅವನ ನಾಲಿಗೆ ಪಳಗಿತ್ತು. ಆದರೆ ಈಗ ಪೋಣಿಸಲು ಹೊತ್ತಿರಲಿಲ್ಲ.

"ಒಬ್ಬ ಹುಡುಗನ ನಂಬರು," ಎಂದ. "ನಂಗೆ ಅವನು ಇಷ್ಟ. ಆರಕ್ಕೆ ಅವನ ಬಸ್ಸು."

ಇಂಜಿನ್ ಗುರುಗುಟ್ಟಿತು. ಮುಂದಿನವನು ಥೂ ಎಂದು ಉಗಿದು ಒಂದು ಹೊಲಸು ಮಾತು ಆಡಿದ. ಹಿಂದಿನವನು ಗೊಳ್ಳೆಂದು ನಕ್ಕ.

"ಹೆಸರೇನು ನಿನ್ನ ರಾಜಕುಮಾರಂದು?"

"ಇವೊ."

"ಇದಕ್ಕೆ ಲಾಕೇ ಇಲ್ವಲ್ಲೋ!"

"ನಿಮಗೇ ಅಂತ ಇಟ್ಟಿದ್ದಲ್ವಾ. ಲಾಕ್ ಯಾಕೆ?"

"ಮೊದ್ಲು ಅದು ಇಲ್ಲಿ ಕೊಡು." ಹೊಸ ಫೋನು ಕೈಗೆ ಬಂದದ್ದೇ ಎರಡೂ ಅವನ ಅಂಗಿಯೊಳಗೆ ಹೋಗುವುದರಲ್ಲಿದ್ದವು. ಏನನ್ನಿಸಿತೋ, ಹಳೆಯದನ್ನು ಮತ್ತೆ ಹೊರತೆಗೆದ. "ಒಂದೇ ಸಲ ಹೇಳೋದು. ತೊಂಬತ್ತೆಂಟು, ಒಂಬತ್ತು, ಎಂಟು..."

ಹನ್ನೊಂದು ಅಂಕಿ. ಕೊನೆಯ ಎರಡನ್ನು ಅವನು ಕೂಗಿದ್ದು ಓಡುವ ಬೈಕಿನಿಂದ.

ದಿಮಾಸ್ ಓಡಿದ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ, ಬಾಯಿ ತುಂಬ ಹನ್ನೊಂದು ಅಂಕಿ. ತುಂಬಿದ ಕೊಡವನ್ನು ತಲೆಯ ಮೇಲಿಟ್ಟುಕೊಂಡವನ ಹಾಗೆ ಕತ್ತು ಅಲುಗಿಸದೆ ಓಡಿದ. ಬಾಗಿಲಲ್ಲಿ ಕಾವಲಿನವನು ತಡೆದ.

"ಒಳಗೆ ಬರೋವಾಗ ಕೊಟ್ಟ ಕಾರ್ಡು ತೋರ್ಸು ಗುರೂ. ನಿನ್ನ ನಂಬರು ಇನ್ನೂರ ಹದಿನಾಲ್ಕಾ, ಇನ್ನೂರ ನಲವತ್ತೊಂದಾ?"

ದಿಮಾಸ್ ಎರಡೂ ಕಿವಿ ಮುಚ್ಚಿಕೊಂಡು, ಜೋರಾಗಿ ಜಪಿಸುತ್ತ, ಅವನ ಕಂಕುಳಡಿಯಲ್ಲಿ ನುಸುಳಿದ. ಬಣ್ಣದ ಕೋಣೆಗೆ ನುಗ್ಗಿ ಮರ್ಲೂಸಿಯ ಕೈಯಿಂದ ಹುಬ್ಬಿನ ಪೆನ್ಸಿಲ್ ಕಿತ್ತುಕೊಂಡು ಕನ್ನಡಿಯ ಮೇಲೆ ಉದ್ದಕ್ಕೂ ಬರೆದ. ಬರೆದು ಮುಗಿಸಿ ನೆಲಕ್ಕೆ ಕುಸಿದ.

"ನನ್ನ ಒಂದು ಹುಬ್ಬು ಹಂಗೇ ಉಳೀತಲ್ಲೋ!" ಎಂದು ಬೈಯುತ್ತ ಮರ್ಲೂಸಿ ಅವನ ಕಾಲು ನೋಡಿದಳು. "ಶೂ ಎಲ್ಲಿ? ಫೋನೆಲ್ಲಿ?"

ಹೇಳಿದ. ಹೇಳಿ ಮುಗಿಯುವ ಮೊದಲೇ ಕೆನ್ನೆಗೆ ಬಿತ್ತು.

"ಬೈಕಿನ ಹಿಂದೆ ಓಡಿದ್ಯಾ? ಬಾಯಿಬಿಟ್ಟು ಅದನ್ನೂ ಹೇಳಿದ್ಯಾ ಅವರ ಹತ್ರ? ನನ್ನ ಗೆಳತಿ ಝುಲೀಡಿ ಒಂದು ಸರಕ್ಕೋಸ್ಕರ ಕಳ್ಳರಿಗೆ ತಿರುಗಿ ನಿಂತ್ಲು ಕಣೋ. ಒಂದು ಗಾಜಿನ ಸರಕ್ಕೆ. ಅವಳನ್ನ ಮಣ್ಣು ಮಾಡಿದ್ದು ನಾನು." ಒಂದು ಲೋಟ ನೀರು ಕುಡಿದಳು. ಆಮೇಲೆ ತನ್ನ ಫೋನನ್ನು ಅವನ ಮಡಿಲಿಗೆ ಎಸೆದಳು. "ಮಾಡು. ಏನು ನೋಡ್ತಿದೀಯ?"

ಅತ್ತ ಫೋನು ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಗುರುತಿಲ್ಲದ ನಂಬರು ಎತ್ತುವಷ್ಟು ದಡ್ಡರು ಈ ದೇಶದಲ್ಲಿ ಯಾರಿದ್ದಾರೆ? ಮೂರನೆಯ ಸಲದ ನಂತರ ಬರೆದ: ನಾನು ದಿಮಾಸ್, ಫೋನು ಹೋಯಿತು, ಇದು ಅಕ್ಕನ ಫೋನು.

ಉತ್ತರ ಇವೊನ ದನಿಯಲ್ಲೇ ರೆಕಾರ್ಡಾಗಿ ಬಂತು, ತಣ್ಣಗೆ. "ಹತ್ತು ನಿಮಿಷದಲ್ಲಿ ನೀನು ಎರಡನೇ ದಿಮಾಸ್. ಮೊದಲನೆಯವನು ಆಸ್ಪತ್ರೆಯಲ್ಲಿ ಇದ್ದಾನಂತೆ, ಅರ್ಜೆಂಟಾಗಿ ದುಡ್ಡು ಬೇಕಂತೆ. ನಿಂಗೇನು ಬೇಕು?"

"ಅಯ್ಯೋ, ಕಳ್ಳ ನನ್ಮಗ!" ಮರ್ಲೂಸಿ ಕಿರುಚಿದಳು. "ನಂಬರು ಓದಿ ಹೇಳಿ, ಫೋನಲ್ಲಿ ನಿನ್ನ ಹೆಸರು ನೋಡ್ಕೊಂಡು, ಅದೇ ನಂಬರಿಗೆ ಗಾಳ ಹಾಕಿದಾನೆ!"

ಇವೊನ ದನಿಯಲ್ಲಿ ಇನ್ನೊಂದು ಸಂದೇಶ ಬಂತು. "ನೀನು ಅವನೇ ಆದ್ರೆ ಹೇಳು. ಮುತ್ತು ಕೊಟ್ಟಾಗ ಏನಾಯ್ತು?"

ಕೋಣೆಯಲ್ಲಿ ಇನ್ನೂ ಇಬ್ಬರು ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಅವರ ಕುಂಚಗಳೂ ನಿಂತವು. ದಿಮಾಸ್ ಕಿವಿಯವರೆಗೆ ಕೆಂಪಾಗಿ ಫೋನನ್ನು ಬಾಯಿಗೆ ಹಿಡಿದ.

"ನಿನ್ನ ಕನ್ನಡಕ ನನ್ನ ಮೂಗಿಗೆ ಸಿಕ್ಕಿಕೊಳ್ತು. ನಾನು ಅದನ್ನ ತೆಗೆದು, ಒರೆಸಿ, ಬೆಳಕಿಗೆ ಹಿಡಿದು, ಎಡಗಡೆ ಗಾಜಿನ ನಂಬರು ತಪ್ಪಿದೆ, ಯಾವ ಕತ್ತೆ ಮಾಡಿಕೊಟ್ಟಿದ್ದು ಅಂದೆ. ನಾನು ಕನ್ನಡಕದ ಅಂಗಡಿಯವನು ಇವೊ, ತಡ್ಕೊಳೋಕೆ ಆಗ್ಲಿಲ್ಲ. ನೀನು ನಗ್ತಾ ನಗ್ತಾ ಕಂಬಕ್ಕೆ ತಲೆ ಹೊಡ್ಕೊಂಡೆ. ಆಮೇಲೆ ಇನ್ನೊಂದು ಸಲ ಕೊಟ್ಟೆ."

"ಮೊದಲ ಮುತ್ತಲ್ಲೇ ಕಣ್ಣು ಪರೀಕ್ಷೆ!" ಮರ್ಲೂಸಿ ಹಣೆ ಚಚ್ಚಿಕೊಂಡಳು.

ಎಲ್ಲರೂ ಫೋನಿನ ಪುಟ್ಟ ಗಾಜನ್ನೇ ನೋಡುತ್ತ ಕೂತರು. ಗೋಡೆಯಾಚೆ ಸಂಗೀತ ತಮಟೆಯಂತೆ ಬಡಿಯುತ್ತಿತ್ತು. ಫೋನು ರಿಂಗಾಯಿತು.

"ಎಲ್ಲಿದೀಯ? ಪೆಟ್ಟಾಯ್ತಾ?" ಇವೊನ ದನಿಯ ತಣುಪೆಲ್ಲ ಕರಗಿ ಹೋಗಿತ್ತು.

"ಇಲ್ಲ. ಒಂದು ಶೂ ಹೋಯ್ತು. ಅಕ್ಕ ಹೊಡೆದ್ಲು."

"ಸರಿಯಾಗಿ ಮಾಡಿದ್ರು. ಅಲ್ಲೇ ಇರು, ಹೊರಗೆ ಕಾಲಿಡಬೇಡ. ಬ್ಯಾಗ್ ತಗೊಂಡು ಹೊರಟೆ."

ಮರ್ಲೂಸಿ ಫೋನು ಕಿತ್ತುಕೊಂಡಳು. "ಏ ಸಾವ್ ಲೂಯಿಸ್ ಹುಡುಗ, ಕಾರಿನ ನಂಬರು ಕಳ್ಸು. ಹತ್ತೋ ಮುಂಚೆ ಡ್ರೈವರ್‌ನ ಮುಖ ನೋಡು. ಈ ಪೆದ್ದನ ತರ ಮಾಡಿಬಿಟ್ಟೀಯ, ಜೋಕೆ!"

ಒಂದೇ ಹುಬ್ಬಿನ ಮರ್ಲೂಸಿ ದಿಮಾಸ್‌ನ ಅಂಗಿಯ ಕಾಲರು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಬಿಳಿಯ ಕಾರೊಂದು ತಿರುವಿನಲ್ಲಿ ಕಾಣಿಸಿದಾಗ ದಿಮಾಸ್ ಹೊಸಿಲಿನಿಂದ ಮುಂದಕ್ಕೆ ಜಗ್ಗಿದ. ಅವಳು ಹಿಂದಕ್ಕೆ ಎಳೆದಳು.

"ಕಾರು ಪೂರ್ತಿ ನಿಲ್ಲೋವರ್ಗೂ ಬಿಡಲ್ಲ."

ಕಾರು ಪೂರ್ತಿ ನಿಲ್ಲುವ ಮೊದಲೇ ಅದರ ಬಾಗಿಲು ತೆರೆದುಕೊಂಡಿತು.