ತಟ್ಟದ ಕೈ

ನನ್ನ ಅಕ್ಷರ ಸೊಟ್ಟಗಿದೆ, ಕ್ಷಮಿಸಬೇಕು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಹೊಗೆಸೊಪ್ಪು ಕಟ್ಟಿ ಕಟ್ಟಿ ಬೆರಳಿಗೆ ಹತ್ತಿದ ಅಂಟು ಎಷ್ಟು ತೊಳೆದರೂ ಹೋಗದೆ ಹಾಳೆಗೂ ಮೆತ್ತಿಕೊಳ್ಳುತ್ತದೆ. ದೊಡ್ಡ ಮಾತುಗಳೂ ನನಗೆ ಬರುವುದಿಲ್ಲ. ಅರಕಲಗೂಡಿನ ಗರಡಿಯವರು ಪೈಲ್ವಾನ್ ತಮ್ಮಯ್ಯನವರಿಗೆ ಸನ್ಮಾನ ಇಟ್ಟುಕೊಂಡು ಒಂದು ಪುಸ್ತಕ ತರುತ್ತಿದ್ದಾರೆ. ಮನೆಯವರ ಕಡೆಯಿಂದಲೂ ನಾಲ್ಕು ಮಾತು ಬೇಕು ಎಂದು ಗರಡಿಯ ಕಾರ್ಯದರ್ಶಿ ಲಕ್ಷ್ಮೀನರಸಿಂಹ ಮೇಷ್ಟ್ರು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ತಮ್ಮಯ್ಯನವರು ನನ್ನ ಅವ್ವನ ಅಣ್ಣ, ನನಗೆ ಸೋದರಮಾವ.

ಮಾವ ಕತ್ತು ತಿರುಗಿಸುವುದಿಲ್ಲ. ಹಿಂದಿನಿಂದ ಯಾರಾದರೂ ಕೂಗಿದರೆ ನಿಂತು, ಎರಡೂ ಪಾದಗಳನ್ನು ಎತ್ತಿಟ್ಟು, ದೊಡ್ಡ ಬಾಗಿಲೊಂದು ತೆರೆದುಕೊಳ್ಳುವ ಹಾಗೆ ಇಡೀ ಮೈಯನ್ನೇ ತಿರುಗಿಸುತ್ತಾರೆ. ಗರಡಿಯ ಮಣ್ಣಿಗೆ ಉಜ್ಜಿ ಉಜ್ಜಿ ಅವರ ಕಿವಿಗಳು ಒಣಶುಂಠಿಯಂತೆ ಗಂಟುಗಂಟಾಗಿವೆ. ಹಾಸನದಲ್ಲಿ ಗೆದ್ದಾಗ ತೊಡಿಸಿದ ಕಂದು ಕೋಟನ್ನು ಇವತ್ತಿಗೂ ಮದುವೆ ಮನೆಗಳಿಗೆ ಹಾಕಿಕೊಂಡು ಹೋಗುತ್ತಾರೆ, ಗುಂಡಿ ಮಾತ್ರ ಎಂದೂ ಕೂಡಿದ್ದಿಲ್ಲ.

ಅವರ ಕುಸ್ತಿಯ ಬಗ್ಗೆ ಊರಿನವರು ಹೇಳುವುದರಲ್ಲಿ ಸುಳ್ಳಿಲ್ಲ. ತೊಂಬತ್ತೊಂದರಲ್ಲಿ ಹೊಳೆನರಸೀಪುರದಲ್ಲಿ ತಮಗಿಂತ ಇಪ್ಪತ್ತು ಕೆಜಿ ಹೆಚ್ಚು ತೂಕದವನನ್ನು ಬೀಳಿಸಿದರು. ತೊಂಬತ್ತನಾಲ್ಕರಲ್ಲಿ ಚನ್ನರಾಯಪಟ್ಟಣದಲ್ಲಿ ನುಗ್ಗೇಹಳ್ಳಿಯ ಪೈಲ್ವಾನನ ಜೊತೆ ನಲವತ್ತು ನಿಮಿಷ ಹಿಡಿದು ಕೊನೆಗೆ ಚಿತ್ ಮಾಡಿದರು. ಹನ್ನೊಂದು ವರ್ಷ ಅವರ ಬೆನ್ನಿಗೆ ಮಣ್ಣು ಅಂಟಲಿಲ್ಲ. ಒಮ್ಮೆ ಹಾಸನದಲ್ಲಿ ಕುಸ್ತಿ ನಡೆಸುವವರು, ನೀವಿಬ್ಬರೂ ಹೆಸರಿರುವ ಪೈಲ್ವಾನರು, ಒಳಗೊಳಗೇ ಮಾತಾಡಿಕೊಂಡು ಸಮ ಮಾಡಿಕೊಳ್ಳಿ ಎಂದರಂತೆ. ಮಾವ ಕಟ್ಟಿದ್ದ ಲಂಗೋಟಿಯ ಮೇಲೆಯೇ ಪಂಚೆ ಸುತ್ತಿಕೊಂಡು, "ಸುಳ್ಳುಕುಸ್ತಿ ಆಡಕ್ಕೆ ನಾಟಕದ ಕಂಪನಿ ಐತೆ, ಅಲ್ಲಿಗೋಗಿ ಕೇಳಿ ಸಾ" ಎಂದು ಬಸ್ಸು ಹತ್ತಿಬಿಟ್ಟರಂತೆ.

ಇನ್ನೊಂದು ಪದ್ಧತಿಯನ್ನೂ ಅವರು ಬಿಟ್ಟವರಲ್ಲ. ಗೆದ್ದ ಕೂಡಲೇ ಕೈ ಎತ್ತಿ ಕುಣಿಯದೆ, ಬಿದ್ದವನನ್ನು ಎಬ್ಬಿಸಿ ಕೂರಿಸಿ, ತಮ್ಮ ಟವಲ್ಲಿನಿಂದಲೇ ಅವನ ಬೆನ್ನಿನ ಮಣ್ಣು ಒರೆಸುತ್ತಿದ್ದರು. ಈ ಪುಸ್ತಕಕ್ಕೆ ಮೇಷ್ಟ್ರು ಬರೆದ ಲೇಖನದ ತಲೆಬರಹವೇ ಆ ಟವಲ್ಲಿನ ಮೇಲಿದೆ. ಎದುರಾಳಿಗೆ ಒಂದು ಗೀರೂ ಮಾಡದ ಪೈಲ್ವಾನ ಎಂದು ಅವರು ಬರೆದಿದ್ದಾರೆ.

ನನ್ನ ಅಣ್ಣ ಸಂಜಯ ಎದುರಾಳಿಯಲ್ಲ, ಶಿಷ್ಯ. ಆದ್ದರಿಂದ ಅವನು ಆ ಲೆಕ್ಕಕ್ಕೆ ಬಂದಿಲ್ಲ.

ತಾಲೀಮಿನಲ್ಲಿ ಪಟ್ಟು ತಾಳಲಾಗದವನು ಎದುರಿನವನ ತೊಡೆಯನ್ನು ಎರಡು ಸಲ ತಟ್ಟಿದರೆ ಬಿಟ್ಟುಬಿಡಬೇಕು. ಎಲ್ಲ ಗರಡಿಗಳಲ್ಲೂ ಇರುವ ನಿಯಮ ಇದು. ಮಾವ ತಮ್ಮ ಹುಡುಗರಿಗೆ ಅದನ್ನು ಕಲಿಸಲಿಲ್ಲ. ಯಾರಾದರೂ ತಟ್ಟಿದರೆ ಪಟ್ಟು ಬಿಟ್ಟು, ಎಲ್ಲರೆದುರೇ, "ತಟ್ಟೋ ಕೈ ಇರೋನು ಭಜನೆ ಮನೆಗೋಗ್ಲಾ, ತಾಳ ಕೊಡ್ತಾರೆ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಸಂಜಯನೂ ನಗುತ್ತಿದ್ದನಂತೆ.

ಎರಡು ಸಾವಿರದ ಒಂದರಲ್ಲಿ ಒಂದು ಬೆಳಿಗ್ಗೆ ಮಾವ ಅವನ ಕತ್ತಿಗೆ ಪಟ್ಟು ಹಾಕಿದರು. ಅವನಿಗೆ ಹತ್ತೊಂಬತ್ತು ವರ್ಷ. ಅವನು ತಟ್ಟಲಿಲ್ಲ. ಮಾವ ಬಿಟ್ಟಾಗ ಅವನ ಬಲಗೈ ಮೇಲೇಳಲಿಲ್ಲ. ಗರಡಿಯ ಹೊಸಿಲು ಹೆಂಗಸರು ದಾಟುವಂತಿಲ್ಲವಾದ್ದರಿಂದ ಸುದ್ದಿ ಕೇಳಿದ ನಾನೂ ಅವ್ವನೂ ಓಡಿಹೋಗಿ ಬಾಗಿಲಲ್ಲೇ ನಿಂತೆವು. ಒಳಗೆ ಮಾವ ಅವನನ್ನು ಗೋಡೆಗೆ ಒರಗಿಸಿ, ಟವಲ್ಲು ತೆಗೆದುಕೊಂಡು, ನಿಧಾನವಾಗಿ ಬೆನ್ನಿನ ಮಣ್ಣು ಒರೆಸುತ್ತಿದ್ದರು. ಆಟೋ ಹುಡುಕಲು ಎದ್ದಿದ್ದು ಆಮೇಲೆ.

ಅದೂ ಆಸ್ಪತ್ರೆಗಲ್ಲ, ಮೂಳೆ ಕಟ್ಟುವವರ ಮನೆಗೆ. ಗರಡಿಯ ಹೆಸರು ಹೊರಗೆ ಹೋಗಬಾರದೆಂದು ಮೂರು ದಿನ ಎಣ್ಣೆ ತಿಕ್ಕಿಸಿದರು. ನಾಲ್ಕನೇ ದಿನ ಹಾಸನದ ಡಾಕ್ಟರು ಅವತ್ತೇ ಬರಬೇಕಿತ್ತು ಎಂದರು. ಹೇಗಾಯಿತು ಎಂದು ಕೇಳಿದ್ದಕ್ಕೆ ಮಾವ, ತೆಂಗಿನಮರದಿಂದ ಬಿದ್ದ ಎಂದರು. ಸುಳ್ಳುಕುಸ್ತಿ ಆಡದವರು ಹೇಳಿದ ಮಾತಾದ್ದರಿಂದ ಊರೆಲ್ಲ ನಂಬಿತು. ಅವನು ಮಾಡುತ್ತಿದ್ದ ಹೊಗೆಸೊಪ್ಪಿನ ಕೆಲಸಕ್ಕೆ ನಾನು ಹೋದೆ. ಸಂಜಯ ಈಗ ಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಎಡಗೈಯಿಂದ ಸೌದೆ ಒಟ್ಟುತ್ತಾನೆ. "ಎಷ್ಟೆತ್ತರದ ಮರ ಅಂತ ಕೇಳ್ತಾರೆ ಕಣೆ. ಒಂದೊಂದ್ಸಲ ನಾನೇ ಇನ್ನೆಲ್ಡು ಮಾರು ಸೇರಿಸ್ಬುಡ್ತೀನಿ" ಎಂದು ಒಮ್ಮೆ ಹೇಳಿದ.

ಬರೆಯುವ ಮುಂಚೆ ಕೇಳಬೇಕೆಂದು ಹೋದ ಭಾನುವಾರ ಮಾವನ ಮನೆಗೆ ಹೋಗಿದ್ದೆ. ಗೆದ್ದ ಕುಸ್ತಿಗಳನ್ನೆಲ್ಲ ಇಸವಿ ಸಮೇತ ಹೇಳಿದರು, ನಾನು ಬರೆದುಕೊಂಡೆ. ಕೊನೆಗೆ ಧೈರ್ಯ ಮಾಡಿ, "ಸಂಜಯಣ್ಣಂದು ಬರೀಲಾ ಮಾವ?" ಎಂದೆ.

ಅವರು ಎದ್ದು ನಿಂತು ಇಡೀ ಮೈ ತಿರುಗಿಸಿ ಗೋಡೆಯ ಕಡೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಅವ್ನು ತಟ್ಬೋದಾಗಿತ್ತು ಕಣವ್ವಾ" ಎಂದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಒಲೆ ಊದುತ್ತಲೇ, "ಮರದಿಂದ ಬಿದ್ದ ಅಂತ ಬರ್ದುಬುಡು ಮಗ. ಅಣ್ಣ ಅನ್ನೋನು ಒಬ್ಬ ಅವ್ನೆ ನಂಗೆ" ಎಂದಳು. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಮಾವನ ಮೇಲಿನದು ಮಾತ್ರ ಇನ್ನೂ ಇಳಿದಿಲ್ಲ.

ಮಾವ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಕತ್ತು ತಿರುಗದಂತಾಗಿ ವರ್ಷಗಳಾದವು, ಒಂದು ದಿನವೂ ನೋವೆಂದವರಲ್ಲ. ಇಂಥವರು ಬೇರೆ ಊರಿನಿಂದ ಬಂದ ಎದುರಾಳಿಯನ್ನು ಮನುಷ್ಯನೆಂದು ನೋಡುತ್ತಾರೆ, ಏಕೆಂದರೆ ಅವನು ಬೇರೆಯವನು. ಮನೆಯವರನ್ನು ತಮ್ಮ ಮೈಯ ಭಾಗವೆಂದೇ ತಿಳಿದಿರುತ್ತಾರೆ. ತಮ್ಮ ನೋವನ್ನು ನುಂಗಿದಷ್ಟೇ ಸುಲಭವಾಗಿ ನಮ್ಮ ನೋವನ್ನೂ ನುಂಗಿಬಿಟ್ಟು, ಜನ ಅದನ್ನು ಗಟ್ಟಿತನ ಎಂದಾಗ ಹಾರಕ್ಕೆ ಕೊರಳು ಕೊಡುತ್ತಾರೆ.

ನಾಳೆ ಇದನ್ನು ಸಂಜಯಣ್ಣನಿಗೆ ಓದಿ ಹೇಳುತ್ತೇನೆ. ಅವನು ಒಪ್ಪಿದರೆ ಗರಡಿಯ ಬಾಗಿಲಲ್ಲಿ ನಿಂತು ಮೇಷ್ಟ್ರನ್ನು ಕರೆದು ಅವರ ಕೈಗೆ ಕೊಡುತ್ತೇನೆ. ಅವನು ಬೇಡವೆಂದರೆ ಈ ಹಾಳೆಗಳನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಮರದಿಂದ ಬಿದ್ದ ಎಂದು ಮಾತ್ರ ಬರೆದುಕೊಡುವುದಿಲ್ಲ.