ಹಸಿರು ವೈರಿನ ಗಂಟು

ನನ್ನಿವಾಳ ಎಂಬ ಹಳ್ಳಿಯಲ್ಲಿ ನಮ್ಮ ಬೀದಿಯ ಕೋಳಿಗಳೆಲ್ಲ ಒಂದೇ ತಿಪ್ಪೆ ಕೆದಕುತ್ತಿದ್ದವು. ಯಾರದು ಯಾವುದೆಂದು ತಿಳಿಯಲು ಅವುಗಳ ಕಾಲಿಗೆ ಮನೆಗೊಂದು ಬಣ್ಣದ ಬಳೆ. ಪಕ್ಕದ ಮನೆಯ ಮುದ್ದಕ್ಕನದು ಹಸಿರು. ಹೆಣ್ಣುಮಕ್ಕಳಿಗೆಲ್ಲ ವೈರ್ ಬ್ಯಾಗು ಹೆಣೆಯುವ ಹುಚ್ಚು ಹತ್ತಿದ್ದ ಕಾಲ ಅದು. ಮುದ್ದಕ್ಕನ ಮಗಳು ಗೀತಾ ಆ ಪ್ಲಾಸ್ಟಿಕ್ ವೈರನ್ನೇ ತುಂಡರಿಸಿ ಮರಿಗಳ ಕಾಲಿಗೆ ಸುತ್ತಿ, ತಾನೇ ಕಂಡುಕೊಂಡ ಜಡೆಗಂಟು ಹಾಕುತ್ತಿದ್ದಳು. ಅದು ಬೇರೆ ಯಾರಿಗೂ, ಅವಳವ್ವನಿಗೂ ಬರುತ್ತಿರಲಿಲ್ಲ. ಮರಿ ಬೆಳೆದಂತೆ ಬಿಚ್ಚಿ ಸಡಿಲವಾಗಿ ಕಟ್ಟುವುದೂ ಅವಳದೇ ಕೆಲಸ.

ಆ ವರ್ಷ ಮರಿಗಳಿಗೆ ಬಳೆ ಕಟ್ಟಿದ ವಾರದಲ್ಲೇ ಗೀತಾ ಕಾಮಾಲೆಯಿಂದ ತೀರಿಕೊಂಡಳು. ಅರ್ಧ ಹೆಣೆದ ಹಸಿರು ಬ್ಯಾಗು ಗೂಟದಲ್ಲೇ ಉಳಿಯಿತು.

ಮರಿಗಳು ಬೆಳೆದವು. ಅವುಗಳಲ್ಲೊಂದು ಕೆಂದು ಹ್ಯಾಟೆ, ಇನ್ನೂ ಮೊಟ್ಟೆಯಿಡದ ಎಳೆಯ ಹೆಣ್ಣುಕೋಳಿ. ಅದರ ಕಾಲಿಗೆ ವೈರು ಕಚ್ಚಿಕೊಂಡು, ಅದು ಕುಂಟತೊಡಗಿತು.

"ಕತ್ತರ್ಸಾಣ ಕಣೆ, ಕಾಲೇ ಹೋಗ್ತೈತೆ," ಎಂದ ಮುದ್ದಕ್ಕನ ಗಂಡ ಬೋರಣ್ಣ.

"ನನ್ ಮಗ್ಳು ಹಾಕಿರೋ ಗಂಟು. ಕತ್ರಿ ಮುಟ್ಟಿದ್ಯೋ, ಈ ಮನ್ಯಾಗೆ ಒಲೆ ಹತ್ಸಲ್ಲ ನಾನು!"

ಮೋಟುಗೋಡೆಯ ಈಚೆಯಿಂದ ನಾನೂ ಹೇಳಿ ನೋಡಿದೆ.

"ನೀವು ಸುಮ್ಕಿರ್ರಿ ಅಕ್ಕಾರೆ. ಕೋಳಿ ಮುಟ್ಟದೋರಿಗೆ ಕೋಳಿ ಸಂಕ್ಟ ಏನ್ ಗೊತ್ತಾಗ್ತೈತೆ?" ಎಂದಳು.

ಆದರೂ ದಿನವೂ ಅದರ ಕಾಲಿಗೆ ಅರಿಸಿನ, ಎಣ್ಣೆ ಹಚ್ಚುತ್ತಿದ್ದಳು. ಬೋರಣ್ಣ ಅದರ ಪಾಲಿನ ನವಣೆಯನ್ನು ಅದು ಕೂತಲ್ಲಿಗೇ ಒಯ್ದು ಚೆಲ್ಲುತ್ತಿದ್ದ.

ಒಂದು ಮಧ್ಯಾಹ್ನ ಆ ಹ್ಯಾಟೆ ಕುಂಟದೆ ನಮ್ಮ ಹಿತ್ತಲಿಗೆ ಬಂತು. ಕಾಲಲ್ಲಿ ಹೊಸ ಹಸಿರು ವೈರು, ಸಡಿಲವಾಗಿ. ಗಂಟು ನೋಡಿದೆ. ಜಡೆಗಂಟು.

ಬೋರಣ್ಣ ಹೇಗೋ ಕಲಿತು ಹಾಕಿದ್ದಾನೆಂದುಕೊಂಡೆ. ಮನಸ್ಸು ತುಂಬಿ ಬಂತು. ಅಷ್ಟರಲ್ಲಿ ಅವನೇ ಗೋಡೆಯ ಬಳಿ ಬಂದು ದನಿ ತಗ್ಗಿಸಿದ.

"ದೊಡ್ ಉಪಕಾರ ಮಾಡಿದ್ರಿ ಅಕ್ಕಾರೆ. ಕೋಳಿ ಮುಟ್ಟೋರಲ್ಲ ನೀವು, ಆದ್ರೂ..."

"ನಾನಲ್ಲ ಬೋರಣ್ಣ. ನೀನೇ ಅಂದ್ಕೊಂಡಿದ್ದೆ."

ಇಬ್ಬರೂ ಅವರ ಮನೆಯ ತೆರೆದ ಬಾಗಿಲಿನತ್ತ ನೋಡಿದೆವು. ಒಳಗೆ ಮುದ್ದಕ್ಕ ಗೂಟದ ಬ್ಯಾಗನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಅದರಿಂದ ಇಳಿಬಿದ್ದಿದ್ದ ವೈರುಗಳಲ್ಲಿ ಒಂದು ಮಾತ್ರ ಗೇಣುದ್ದ ಗಿಡ್ಡವಾಗಿತ್ತು.

ಅವಳು ಅಳಲಿಲ್ಲ. ಕತ್ತರಿ ತಂದು ಅಂಗಳದಲ್ಲಿ ಕೂತಳು.

"ಏನ್ ನೋಡ್ತೀಯಾ, ಮಿಕ್ಕಿದ್ ಮರಿ ಹಿಡ್ಕಾ ಬಾ," ಎಂದಳು ಗಂಡನಿಗೆ. "ಅವ್ವ ಅನ್ನಿಸ್ಕಂಡೋಳು ನಾನ್ ಮಾಡ್ಬೇಕಿತ್ತು. ಪಾಪ, ಅಷ್ಟ್ ದೂರದಿಂದ ಬಂದೈತೆ ಕೂಸು."

ಬೋರಣ್ಣ ಒಂದೊಂದೇ ಮರಿಯನ್ನು ಹಿಡಿದು ತಂದ. ಅವಳು ಬಿಗಿದ ವೈರು ಕತ್ತರಿಸಿ, ಹೊಸದನ್ನು ಸಾದಾ ಗಂಟಿನಲ್ಲಿ ಸಡಿಲವಾಗಿ ಕಟ್ಟಿದಳು. ಕೆಂದು ಹ್ಯಾಟೆಯ ಕಾಲಿನದನ್ನು ಮಾತ್ರ ಮುಟ್ಟಲಿಲ್ಲ.