ಐದು ವರ್ಷದ ಮಾತು

ನಲವತ್ತು ದಾಟಿದ ಭೌತವಿಜ್ಞಾನಿಯಾದರೂ ಮನೆಯವರಿಗೆ ಅವಳು ಇನ್ನೂ ಪುಟ್ಟಿ. ಟಿವಿಯವರು ಪ್ರಯೋಗಾಲಯಕ್ಕೆ ಬಂದ ದಿನ ಅವಳು ಚಾವಣಿಯಿಂದ ಇಳಿಬಿದ್ದ ತಾಮ್ರದ ಅಂತಸ್ತುಗಳನ್ನು ತೋರಿಸಿ, ಕ್ವಾಂಟಮ್ ಕಂಪ್ಯೂಟರ್ ಎಂದರೇನೆಂದು ಚೆನ್ನಾಗಿಯೇ ವಿವರಿಸಿದಳು. ಅಣುಗಳು ಹೇಗೆ ನಡೆದುಕೊಳ್ಳುತ್ತವೋ ಅದೇ ರೀತಿಯಲ್ಲಿ ಇದು ಲೆಕ್ಕ ಹಾಕುತ್ತದೆ, ಹೊಸ ಔಷಧ ಹುಡುಕಲು ನೆರವಾಗಬಹುದು ಎಂದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. "ಯಾವಾಗ?" ಎಂದಳು ವರದಿಗಾರ್ತಿ. ಪಕ್ಕದಲ್ಲಿ ಸಂಸ್ಥೆಯ ನಿರ್ದೇಶಕರು ಹಿಗ್ಗಿ ತಲೆಯಾಡಿಸುತ್ತಿದ್ದರು. "ಐದೇ ವರ್ಷ. ಮದ್ದಿಲ್ಲದ ಕಾಯಿಲೆಗೂ ಮದ್ದು ಸಿಗುತ್ತೆ" ಎಂದುಬಿಟ್ಟಳು ಪುಟ್ಟಿ.

ಆ ಯಂತ್ರ ಆಗಿನ್ನೂ ಒಂದು ಪುಟಾಣಿ ಅಣುವಿನ ಲೆಕ್ಕದಲ್ಲೇ ಹತ್ತಕ್ಕೆ ನಾಲ್ಕು ಸಲ ಎಡವುತ್ತಿತ್ತು.

ಮೂರು ತಿಂಗಳ ಮೇಲೆ ಅಕ್ಕನ ಮನೆಗೆ ಊಟಕ್ಕೆ ಹೋದಳು. ಭಾವ ಗಡಿಯಾರ ರಿಪೇರಿ ಮಾಡುವವರು. ಎರಡು ವರ್ಷದಿಂದ ಅವರ ಕೈಯ ಸ್ನಾಯುಗಳು ಸೋಲುತ್ತ ಬಂದಿದ್ದವು. ಈಗ ನೋಡಿದರೆ ಎಡಗೈ ಹೆಬ್ಬೆರಳಿಗೆ ಚಮಚ ಹಿಡಿಯುವ ಕಸುವೂ ಇಲ್ಲ.

"ಭಾವ, ಮಾತ್ರೆ ನಾಟ್ತಾ ಇಲ್ವಾ?"

"ಬಿಟ್ಟು ಮೂರು ತಿಂಗಳಾಯ್ತಮ್ಮ. ನುಂಗಿದ್ರೆ ದಿನವಿಡೀ ವಾಕರಿಕೆ. ವಾಸಿನೂ ಮಾಡಲ್ಲ, ಕಾಯಿಲೆನ ನಿಧಾನ ಮಾಡುತ್ತೆ ಅಷ್ಟೆ. ಹೇಗೂ ನಿನ್ನ ಯಂತ್ರ ಬರ್ತಾ ಇದೆಯಲ್ಲ!"

"ಅಂಗಡಿಗೆ ಬಂದೋರಿಗೆಲ್ಲ ಫೋನಲ್ಲಿ ನಿನ್ನ ಮಾತು ಹಾಕಿ ತೋರಿಸ್ತಾರೆ ಕಣೆ" ಎಂದು ಅಕ್ಕ ನಕ್ಕಳು.

ಪುಟ್ಟಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟಳು. ಎದ್ದು ಹೋಗಿ ಅಡುಗೆಮನೆಯ ನಲ್ಲಿಯಲ್ಲಿ ಕೈ ತೊಳೆದಳು, ಮತ್ತೆ ತೊಳೆದಳು. ಮನೆಗೆ ಹೋಗಿ ನಿಜ ಏನೆಂದು ಅಕ್ಕನಿಗೆ ಮೆಸೇಜ್ ಹಾಕಿದರಾಯಿತು ಎಂದೂ ಒಂದು ಗಳಿಗೆ ಅನಿಸಿತು. ಹಾಗನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ವಾಪಸು ಬಂದು ಕೂತಳು.

"ಭಾವ, ನಾನು ಸುಳ್ಳು ಹೇಳ್ದೆ."

"ಅಂದ್ರೆ? ಆ ಯಂತ್ರ ಇಲ್ವಾ?"

"ಇದೆ. ಒಂದಿನ ಕೆಲಸಕ್ಕೆ ಬರುತ್ತೆ ಅಂತ ಈಗ್ಲೂ ನಂಬ್ತೀನಿ. ಆದ್ರೆ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಚೂರು ಬಿಸಿ ತಾಗಿದ್ರೂ ಅದರ ಲೆಕ್ಕ ಕೆಟ್ಟುಹೋಗುತ್ತೆ. ಐದು ವರ್ಷ ಅಂದಿದ್ದು ಸುಮ್ನೆ ಬಾಯಿಗೆ ಬಂದಿದ್ದು."

ಅಕ್ಕನ ನಗು ಆರಿಹೋಯಿತು. ಭಾವ ಬೈಯಲಿಲ್ಲ. ಎಡಗೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸಿಕೊಂಡರು. ನಾಲ್ಕು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಡಾಕ್ಟ್ರಿಗೆ ಫೋನ್ ಮಾಡೇ" ಎಂದು ಹೆಂಡತಿಗೆ ಹೇಳಿ, ಪುಟ್ಟಿಯತ್ತ ತಿರುಗಿದರು. "ನಾನು ನಿನ್ನ ಭಾವ, ನನಗೆ ಹೇಳ್ದೆ. ಟಿವಿ ನೋಡಿದ ಮಿಕ್ಕೋರಿಗೆ ಯಾರಮ್ಮ ಹೇಳ್ತಾರೆ?"

ಮರುದಿನ ಅವಳು ನಿರ್ದೇಶಕರ ಎದುರು ನಿಂತು, ಟಿವಿಯಲ್ಲಿ ಹೇಳಿದ್ದನ್ನು ತಿದ್ದಬೇಕೆಂದಳು. "ಸಂಸ್ಥೆಯ ಮರ್ಯಾದೆ ಏನಾಗಬೇಕು?" ಎಂದು ಅವರು ರೇಗಿದರು. ಪುಟ್ಟಿ ಅಲ್ಲೇ ನಿಂತು ವರದಿಗಾರ್ತಿಗೆ ಫೋನ್ ಹಚ್ಚಿದಳು. ಟಿವಿಯಲ್ಲಿ ನಲವತ್ತು ಸೆಕೆಂಡು ಸಿಕ್ಕಿತು. ಅಷ್ಟರಲ್ಲೇ ತಪ್ಪು ಒಪ್ಪಿಕೊಂಡು, ಔಷಧ ಬಿಟ್ಟವರು ದಯವಿಟ್ಟು ಡಾಕ್ಟರನ್ನು ಕಾಣಿ ಎಂದಳು. ವಾರಗಟ್ಟಲೆ ಸಹೋದ್ಯೋಗಿಗಳು ಮುಖ ತಿರುಗಿಸಿಕೊಂಡು ಓಡಾಡಿದರು. ಯಾರೋ ಕಾಯಿಲೆಯ ಮಗುವಿನ ತಾಯಿ ಫೋನ್ ಮಾಡಿ ಬೈದು, ಬೈಯುತ್ತಲೇ ಅತ್ತಳು. ಪುಟ್ಟಿ ಕೊನೆಯವರೆಗೂ ಕೇಳಿಸಿಕೊಂಡಳು.

ಭಾವ ಮತ್ತೆ ಮಾತ್ರೆ ಶುರುಮಾಡಿದರು. ಬಲಗೈ ಸದ್ಯಕ್ಕೆ ಉಳಿದುಕೊಂಡಿದೆ. ಎಡ ಹೆಬ್ಬೆರಳಿನ ಕಸುವು ಮಾತ್ರ ತಿರುಗಿ ಬರಲಿಲ್ಲ, ಬರುವುದೂ ಇಲ್ಲವೆಂದರು ಡಾಕ್ಟರು. ಈಗ ಅಂಗಡಿಯಲ್ಲಿ ಅಕ್ಕ ಚಿಮಟದಿಂದ ಸಣ್ಣ ತಿರುಪು ಹಿಡಿಯುತ್ತಾಳೆ, ಭಾವ ಬಲಗೈಯಲ್ಲಿ ಬಿಗಿಯುತ್ತಾರೆ. ಪುಟ್ಟಿ ಬಂದಾಗಲೆಲ್ಲ ಅದನ್ನು ಗಾಜಿನಾಚೆಯಿಂದ ನೋಡುತ್ತ, ಒಳಗೆ ಕಾಲಿಡಲು ಧೈರ್ಯ ಸಾಲದೆ ಕೊಂಚ ಹೊತ್ತು ಬೀದಿಯಲ್ಲೇ ನಿಲ್ಲುತ್ತಾಳೆ.